ಕಫದ ಬಣ್ಣವೂ ಬಾಳೆಕಾಯಿ ಪೋಡಿಯೂ

ಬೆಳಿಗ್ಗೆ ಕೆಮ್ಮಿ ಉಗುಳಿದ್ದನ್ನು ಬಗ್ಗಿ ನೋಡುವ ಅಭ್ಯಾಸ ಎಷ್ಟು ಜನರಿಗಿದೆಯೋ ತಿಳಿಯದು. ಕೇಳಿದರೆ ಯಾರೂ ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆ. ಉಡುಪಿ ಕಡೆಯಿಂದ ಹೆಂಡತಿ ಮಕ್ಕಳೊಂದಿಗೆ ಮದರಾಸಿಗೆ ಬಂದು ಬಂದರಿನ ಪಕ್ಕದ ರಾಯಪುರಂನಲ್ಲಿ ಸಂಸಾರ ಹೂಡಿದ ಮೂರನೆಯ ವರ್ಷ, ಅಂದರೆ ಐವತ್ತರ ದಶಕದ ನಡುವೆ, ನಾಲಿಗೆ ಕೆರೆಯುವಾಗ ಬಂದ ಕೆಮ್ಮಿನ ಜೊತೆ ಬಿದ್ದ ಕಫ ಕಂದು ಬಣ್ಣಕ್ಕಿತ್ತು. ಒಂದು ದಿನವಾಗಿದ್ದರೆ ನೀರು ಹೊಯ್ದು ಸುಮ್ಮನಿರುತ್ತಿದ್ದೆ. ವಾರವಿಡೀ ಹಾಗೇ ಆಯಿತು. ಎಂಟನೆಯ ದಿನ ನನ್ನ ಹೆಂಡತಿ ಪದ್ಮಾವತಿ ಹಿಂದೆ ಬಂದು ನಿಂತಿದ್ದಳು.

"ಎಂತದ್ದು ಅದು? ರಕ್ತವಾ?"

"ರಕ್ತ ಕೆಂಪಗಿರ್ತದೆ. ಇದು ಕಂದು" ಎಂದೆ, ದೊಡ್ಡ ಪಂಡಿತನ ಹಾಗೆ. ಅವಳ ಮುಖ ಬಾಡಿತು. ಆಗ ಕ್ಷಯವೆಂದರೆ ಹೆಸರು ಹೇಳಲಿಕ್ಕೂ ಜನ ಹೆದರುತ್ತಿದ್ದರು. ನಮ್ಮ ಮನೆಯಲ್ಲಿ ಅದು ಬರೀ 'ಆ ಸೀಕು'. ನನಗೂ ಒಳಗೊಳಗೇ ಹೆದರಿಕೆ ಇತ್ತು. ಅದನ್ನು ಮುಚ್ಚಲಿಕ್ಕೆ ಬಂದರಿನ ಕಲ್ಲಿದ್ದಲನ್ನು ಬಯ್ದೆ. ರೈಲಿನ ಹೊಗೆಯನ್ನು ಬಯ್ದೆ. ಗಾಳಿ ತಿರುಗಿದ ದಿನ ತಿರುವೊಟ್ಟಿಯೂರಿನ ಕಾರ್ಖಾನೆಗಳನ್ನೂ ಬಿಡಲಿಲ್ಲ. ತಾರಸಿಯಲ್ಲಿ ಒಣಹಾಕಿದ ಹಪ್ಪಳ ಸಂಜೆಯೊಳಗೆ ಕಪ್ಪಾಗುವುದನ್ನು ಕಂಡಿದ್ದ ಪದ್ಮಾವತಿ ನಂಬಿದಳು. "ಹಾಗಾದ್ರೆ ತಾಂಬರಂ ಕಡೆ ಮನೆ ನೋಡುವ. ಅಲ್ಲಿ ಗಾಳಿ ಒಳ್ಳೆದುಂಟಂತೆ" ಎಂದಳು. ಊರಿನಿಂದ ಕಡ್ಡಿ ತಂದು ಅವಳು ಹಬ್ಬಿಸಿದ ಬಸಳೆ ಚಪ್ಪರ ಹಿತ್ತಿಲಲ್ಲಿತ್ತು. ಮಾತಾಡಲಿಕ್ಕೆ ಮನೆಯೊಡತಿಯ ಸ್ನೇಹ ಸಿಕ್ಕಿತ್ತು. ಎರಡನ್ನೂ ಬಿಟ್ಟು ಹೊರಡಲಿಕ್ಕೆ ಅವಳು ತಯಾರು.

ಇಲ್ಲಿ ಒಂದು ವಿಷಯ ಹೇಳಲು ಮರೆತೆ. ಮರೆತೆ ಎನ್ನುವುದು ಸುಳ್ಳು, ಮುಂದೆ ಹಾಕುತ್ತ ಬಂದೆ. ಆಫೀಸಿನ ಹೆಡ್ ಗುಮಾಸ್ತರು ಒಮ್ಮೆ ಚಿಟಿಕೆ ನಶ್ಯ ಮುಂದೆ ಹಿಡಿದಾಗ ಬೇಡವೆನ್ನಲು ಸಂಕೋಚವಾಗಿ ಏರಿಸಿದ್ದೆ. ವರ್ಷದೊಳಗೆ ನನ್ನದೇ ಬಾಳೆಪಟ್ಟೆಯ ಪೊಟ್ಟಣ ಜೇಬಿಗೆ ಬಂತು. ಮದುವೆಗೆ ಮೊದಲು ಪದ್ಮಾವತಿ ಕೇಳಿದ್ದು ಒಂದೇ ಒಂದು: ಹುಡುಗನಿಗೆ ನಶ್ಯದ ಚಟ ಇರಬಾರದು. ಅವಳ ಅಪ್ಪನ ಮೂಗು ನೋಡಿ ಬೆಳೆದವಳು. ನಶ್ಯಕ್ಕೂ ಕಫಕ್ಕೂ ನಂಟಿದೆಯೆಂದು ನನಗೆ ಹೊಳೆಯಲೂ ಇಲ್ಲ. ಮೂಗಿನದು ಮೂಗಿಗೆ, ಎದೆಯದು ಎದೆಗೆ ಎಂದುಕೊಂಡಿದ್ದೆ.

ಕೊನೆಗೆ ಅವಳೇ ನನ್ನನ್ನು ಬೀದಿಯ ಕೊನೆಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಹಿರಿಯ ತಮಿಳರು. ಬೆನ್ನು ಬಡಿದು, ಎದೆ ಕೇಳಿ, ಸಮಾಧಾನವಾಗಿ ವಿವರಿಸಿದರು: ಹಳದಿ, ಹಸಿರು ಬಂದರೆ ಹೆಚ್ಚಾಗಿ ನೆಗಡಿ ಕಟ್ಟಿಕೊಂಡದ್ದು, ಕೆಂಪು ಕಂಡರೆ ಮಾತ್ರ ಒಂದು ದಿನವೂ ತಡಮಾಡಬಾರದು, ಕಂದು ಎಂದರೆ ಧೂಳು, ಬೀಡಿ, ಇಲ್ಲವೆ... ಎಂದು ನನ್ನ ಮೂಗನ್ನೇ ನೋಡಿ ಕೇಳಿದರು, "ಪೊಡಿ ಪೋಡುವೀಂಗಳಾ?"

ಪೊಡಿ ಹಾಕುತ್ತೀರಾ ಎಂದು. ತಮಿಳಿನಲ್ಲಿ 'ಪೊಡಿ' ಎಂದರೆ ನಶ್ಯ. ನಮ್ಮ ಕಡೆ 'ಪೋಡಿ' ಎಂದರೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ತಿಂಡಿ. ನಡುವೆ ಇರುವುದು ಒಂದು ದೀರ್ಘ ಅಷ್ಟೆ. ನಾನು ಬಾಯಿ ತೆರೆಯುವ ಮೊದಲೇ ಪದ್ಮಾವತಿ ತನ್ನ ಹರುಕು ತಮಿಳಿನಲ್ಲಿ, "ಆಮಾ ಡಾಕ್ಟರ್, ನಾನ್ ದಾನ್ ಪಣ್ಣಿ ಕುಡುಕ್ಕರೇನ್" ಎಂದಳು. ಹೌದು, ನಾನೇ ಮಾಡಿ ಕೊಡುತ್ತೇನೆ ಎಂದು. ಮನೆಯಲ್ಲೇ ಮಾಡುತ್ತೀರಾ ಎಂದರು ಡಾಕ್ಟರು. ಬಿಸಿ ಎಣ್ಣೆಯಲ್ಲಿ ಎಂದಳು. ಮಕ್ಕಳಿಗೂ ಕೊಡುತ್ತೇನೆ, ಚಿಕ್ಕವನಿಗಂತೂ ಎಷ್ಟಿದ್ದರೂ ಸಾಲದು ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ.

"ಉಡನೇ ನಿರುತ್ತಣುಂ. ಕುಟುಂಬಮೇ ನಿರುತ್ತಣುಂ" ಎಂದರು. ತಕ್ಷಣ ನಿಲ್ಲಿಸಬೇಕು, ಇಡೀ ಕುಟುಂಬವೇ ನಿಲ್ಲಿಸಬೇಕು.

ಮನೆಯಲ್ಲಿ ಪೋಡಿ ನಿಂತಿತು. ಮಕ್ಕಳು ಮುಖ ಊದಿಸಿಕೊಂಡರು. ನಶ್ಯ ನಿಲ್ಲಲಿಲ್ಲ, ಕಫದ ಬಣ್ಣವೂ ಬದಲಾಗಲಿಲ್ಲ. ಐದನೆಯ ದಿನ ಆಫೀಸಿಗೆ ಹೊರಟಾಗ ಪದ್ಮಾವತಿ ಹಿತ್ತಿಲಲ್ಲಿ ಬಸಳೆಯ ಬಲಿತ ದಂಟುಗಳನ್ನು ಗೇಣುದ್ದಕ್ಕೆ ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತುತ್ತಿದ್ದಳು. "ಪೋಡಿಯಿಂದ ಅಲ್ಲ ಅಂತ ಆಯ್ತಲ್ಲ. ಹೊಗೆಯದ್ದೇ. ಹೊಸ ಮನೆಯಲ್ಲಿ ನೆಡ್ಲಿಕ್ಕೆ ಬೇಕು" ಎಂದಳು. ಅವತ್ತೇ ಪೊಟ್ಟಣವನ್ನು ಬಂದರಿನ ನೀರಿಗೆ ಎಸೆದೆ. ಹತ್ತು ದಿನ ತಲೆ ಸಿಡಿಯಿತು, ಹೆಡ್ ಗುಮಾಸ್ತರ ಮೇಲೆ ಕಾರಣವಿಲ್ಲದೆ ಸಿಡುಕಿದೆ. ಕಫ ತಿಳಿಯಾಯಿತು. ತಾಂಬರಂನ ಮಾತೂ ನಿಂತಿತು.

ತಿಂಗಳು ಕಳೆದ ಮೇಲೆ ಒಂದು ಭಾನುವಾರ ಅಡುಗೆಮನೆಯಲ್ಲಿ ಬಾಳೆಕಾಯಿ ಕಂಡು, "ಇನ್ನು ನಾಲ್ಕು ಪೋಡಿ ಮಾಡಬಹುದಲ್ಲ?" ಎಂದೆ.

ಅವಳು ಬಾಳೆಕಾಯಿ ಹೆಚ್ಚುತ್ತಲೇ, "ಪೋಡಿಯಾ, ಪೊಡಿಯಾ? ಸರಿಯಾಗಿ ಹೇಳಿ" ಎಂದಳು. ಎರಡೂ ಅಚ್ಚುಕಟ್ಟಾಗಿ ಬಂದವು, ದೀರ್ಘ ಇರಬೇಕಾದಲ್ಲಿ ದೀರ್ಘ, ಹ್ರಸ್ವ ಇರಬೇಕಾದಲ್ಲಿ ಹ್ರಸ್ವ. ದಿನವೂ ಈ ಬೀದಿಯಲ್ಲಿ ತಮಿಳಿನಲ್ಲೇ ಚೌಕಾಸಿ ಮಾಡುವವಳು ಅವಳು. ಅವಳಿಗೆ ತಮಿಳು ಬಾರದೆಂದು ಆಫೀಸಿನಲ್ಲಿ ಹೇಳಿ ನಗುತ್ತಿದ್ದವನು ನಾನು.

"ನಿನಗೆ ಗೊತ್ತಿತ್ತಾ?"

"ನಿಮ್ಮ ಕರ್ಚೀಫು ಒಗೆಯುವುದು ಯಾರು? ಆ ಸೀಕೂ ಇರಬಹುದಾ ಅಂತ ಹೆದರಿ ಡಾಕ್ಟ್ರ ಹತ್ರ ಕರ್ಕೊಂಡು ಹೋದದ್ದು." ಮೊದಲ ಹೋಳನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟಳು. "ಅಲ್ಲಿ ನಿಮ್ಮ ಬಾಯಿಂದ ಬರ್ತದಾ ಅಂತ ನೋಡಿದೆ. ಬರ್ಲಿಲ್ಲ. ನಿಮ್ಮೊಬ್ಬರ ಮರ್ಯಾದೆ ಉಳಿಸ್ಲಿಕ್ಕೆ ನಾನೂ ಮಕ್ಕಳೂ ನಶ್ಯ ಏರಿಸಿದ ಹಾಗಾಯ್ತು."