ಜಗತ್ತಿನ ಪಂಚಾಯ್ತಿಗೆ ನಮ್ಮ ಸೋದರಮಾವನ ವಂತಿಗೆ

ನಮ್ಮ ಸೋದರಮಾವನಷ್ಟು ಹೊಟ್ಟೆಕಿಚ್ಚಿನ ಮನುಷ್ಯ ಇಡೀ ನಿಜಾಮರ ರಾಜ್ಯದಲ್ಲಿ ಇನ್ನೊಬ್ಬನಿರಲಿಲ್ಲ ಎಂದರೆ ನಮ್ಮೂರಾದ ಕಮಲಾಪುರದವರು ನನ್ನನ್ನು ಹೊಡೆಯಲು ಬಂದಾರು. ಯಾಕೆಂದರೆ ಪಕ್ಕದವನ ಎತ್ತು ಮೈತುಂಬಿಕೊಂಡರೆ ಅವನಿಗೆ ಸಂತೋಷ. ಎದುರುಮನೆಯವನ ತೊಗರಿ ಚೆನ್ನಾಗಿ ಬಂದರೆ ತಾನೇ ಹೋಗಿ ಬೆನ್ನು ತಟ್ಟಿ ಬರುವವನು. ಮತ್ತೆ ಹೊಟ್ಟೆಕಿಚ್ಚು ಯಾತಕ್ಕೆ? ಜನರ ಕಷ್ಟಕ್ಕೆ! ಯಾರಿಗಾದರೂ ದೊಡ್ಡ ತಾಪತ್ರಯ ಬಂದು, ನಾಲ್ಕು ಮಂದಿ ಸುತ್ತ ಕೂತು 'ಅಯ್ಯೋ ಪಾಪ' ಅಂದರೆ ಮುಗೀತು. ಆ ತಾಪತ್ರಯ ತನಗೇಕೆ ಬರಲಿಲ್ಲ ಎಂದು ಮಾವನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

ಒಮ್ಮೆ ಪಕ್ಕದ ತೋಟದವನಿಗೆ ಚೇಳು ಕಡಿಯಿತು. ಓಣಿಯೇ ಅವನ ಮುಂದೆ ನೆರೆದಿತ್ತು. ಮಾವ ಗುಂಪು ಸರಿಸಿ ಒಳಗೆ ಹೋದವನೇ ಅಂದ: "ಚೇಳೇನು ಬಿಡಪ್ಪಾ. ನನಗ ಹೋದ ವರ್ಷ ಜರಿಹುಳ ಕಡದಿತ್ತು!"

"ಚೇಳಿಗಿಂತ ಜರಿ ದೊಡ್ಡದೇನು?" ಎಂದು ಯಾರೋ ಕೇಳಿದರು.

"ಅದು ಎಂಥಾ ಜರಿ ಅಂತೀ? ಚೇಳೇ ಅದಕ್ಕ ಹೆದರಿ ಓಡ್ತಿದ್ದವು!"

ಚೇಳು ಕಡಿಸಿಕೊಂಡವನೂ ನೋವು ಮರೆತು ನಕ್ಕ. ಮಾವ ಮಾತ್ರ ನಗಲಿಲ್ಲ. ಅವನ ಜರಿಗೆ ತಕ್ಕ ಮರ್ಯಾದೆ ಸಿಕ್ಕಿರಲಿಲ್ಲ.

ಇಂಥವನ ಮನೆಗೆ ಸೊಲ್ಲಾಪುರದ ಕಾಕಾ ಭಾವನಾಗಿ ಬಂದದ್ದು ವಿಧಿಯ ಚೇಷ್ಟೆಯಲ್ಲದೆ ಇನ್ನೇನು? ಕಾಕಾ ಅಂದರೆ ನಮ್ಮ ಚಿಗವ್ವನ ಗಂಡ. ಚಿಗವ್ವ ಮಾವನ ಕಿರಿಯ ತಂಗಿ. ಹೆತ್ತವ್ವ ಬೇಗ ಹೋದದ್ದರಿಂದ ಮಾವನೇ ಹಾಲು ಕುಡಿಸಿ, ಹೆಗಲ ಮೇಲೆ ಹೊತ್ತು ಬೆಳೆಸಿದ ಕೂಸು. ಸೊಲ್ಲಾಪುರ ಇಂಗ್ರಜಿಯವರು ಆಳುವ ಮುಲುಕು, ನಮ್ಮದು ನಿಜಾಮರದು. ಕಾಕಾ ಅಲ್ಲಿ ಬಟ್ಟೆ ಗಿರಣಿಯಲ್ಲಿ ಕಾರಕೂನ. ದಿನಾ ಪೇಪರು ಓದುವ ಆಸಾಮಿ.

ಒಂದು ಪಂಚಮಿಗೆ ಚಿಗವ್ವನನ್ನು ಕರೆದುಕೊಂಡು ಬಂದ ಕಾಕಾ, ಉಂಡಿ ತಿನ್ನುತ್ತ ಕಟ್ಟೆಯ ಮೇಲೆ ಕೂತು ದೊಡ್ಡದೊಂದು ಉಸಿರು ಬಿಟ್ಟ.

"ಏನ್ ಹೇಳ್ಲಿರೀ ನಮ್ಮ ಗೋಳು! ಮಹಾಯುದ್ಧ ಮುಗಿದ ಮ್ಯಾಲ ದೇಶ ದೇಶ ಕೂಡಿ ಜಿನೀವಾ ಅನ್ನೋ ಊರಾಗ ಒಂದು ಪಂಚಾಯ್ತಿ ಮಾಡ್ಯಾವ. ಇನ್ನ ಮ್ಯಾಲ ಜಗಳ ಆಡಬಾರದು ಅಂತ. ಅದರ ಖರ್ಚಿಗೆ ಎಲ್ಲಾರೂ ವಂತಿಗಿ ಹಾಕಬೇಕು. ನಮ್ಮ ವಂತಿಗಿ ಮತ್ತ ಏರ್ಯಾದ್ರೀ! ಕೊಡೋದ್ರಾಗ ನಾವು ಮುಂದ, ಕೂಡೋ ಕುರ್ಚಿ ಮಾತ್ರ ಹಿಂದ!"

ಅಬ್ಬಾ! ಕಟ್ಟೆ ಮೇಲಿದ್ದವರ ಬಾಯಿ ತೆರೆದದ್ದು ತೆರೆದೇ ಇತ್ತು. ಚೇಳಲ್ಲ, ಜರಿಯಲ್ಲ, ಜಗತ್ತಿನ ಅನ್ಯಾಯ! 'ಪಾಪ, ಸೊಲ್ಲಾಪುರದವರು' ಎಂದು ಒಬ್ಬ ಮುದುಕ ಕಣ್ಣು ಒರೆಸಿಕೊಂಡ. ನಾನು ಮಾವನ ಮುಖ ನೋಡಿದೆ. ನಮ್ಮೂರ ಕೆಂಪು ಬಾಳೆಹಣ್ಣಿಗೂ ಅಷ್ಟು ಬಣ್ಣವಿಲ್ಲ!

ಮರುವಾರವೇ ಮಾವ ಕಲಬುರ್ಗಿಗೆ ಬಂದ. ನಾನಾಗ ಶರಣಬಸವೇಶ್ವರ ಗುಡಿಯ ಹತ್ತಿರ ಒಂದು ಕೋಣೆ ಹಿಡಿದು ಮಕ್ಕಳಿಗೆ ಪಾಠ ಹೇಳಿಕೊಂಡಿದ್ದೆ. "ನಡಿ, ವಕೀಲರ ಕಡೆ ಹೋಗೋಣು" ಅಂದ. ನಾನು ಹೊಲದ ತಕರಾರೇ ಇರಬೇಕೆಂದು ಹೆದರಿದೆ.

ವಕೀಲ ಸಾಹೇಬರ ಮುಂದೆ ಕೈ ಜೋಡಿಸಿ ಮಾವ ಕೇಳಿದ: "ಜಿನೀವಾದ ಪಂಚಾಯ್ತಿಗೆ ನಮ್ಮ ಕಮಲಾಪುರದ್ದು ಎಷ್ಟು ಹೋಗ್ತದ್ರಿ, ಸಾಹೇಬ್ರ?"

ಸಾಹೇಬರು ಕನ್ನಡಕ ತೆಗೆದು ಮಾವನನ್ನು ನೋಡಿದರು. "ಅರೇ ಭಾಯಿ, ಅದು ಇಂಗ್ರಜಿ ಸರಕಾರ ಕೊಡೋದು. ನಿಮಗ ಅದರ ತಕಲೀಫ್ ಇಲ್ಲ. ಬೇಫಿಕರ್ ಇರ್ರಿ."

ತಕಲೀಫ್ ಇಲ್ಲ ಅಂದದ್ದೇ ಮಾವನಿಗೆ ದೊಡ್ಡ ತಕಲೀಫಾಯಿತು. "ಒಂದು ಪೈ ಸುದ್ಧಾ ಹೋಗೋದಿಲ್ಲೇನ್ರೀ?" ಎಂದು ಅಂಗಲಾಚಿದ. "ಸ್ವಲ್ಪ ಸರಿಯಾಗಿ ನೋಡ್ರಲ್ಲ!" ಹೊರಗೆ ಕಕ್ಷಿದಾರರು ಕಾಯುತ್ತಿದ್ದರು. ಇವನನ್ನು ಎಬ್ಬಿಸಬೇಕಲ್ಲ! ಸಾಹೇಬರು ಯೋಚಿಸಿ ಅಂದರು: "ಉಪ್ಪು ತಿಂತೀರಿ? ಉಪ್ಪು ಅವರ ಮುಲುಕಿನಿಂದ ಬರ್ತದ. ಅದರ ಮ್ಯಾಲ ಅವರ ಕರ ಅದ. ಅದರಾಗ ಒಂದು ಚೂರು ಅಲ್ಲಿಗೂ ಹೋಗಿರಬಹುದು."

ಮಾವ ಸಾಹೇಬರ ಕಾಲಿಗೆ ಬೀಳುವುದೊಂದು ಬಾಕಿ! ಸ್ಟೇಶನ್ ಬಜಾರದ ತುಂಬ ನನ್ನ ಕೈ ಹಿಡಿದು ಎಳೆದಾಡಿದ. ಹಮಾಲರು, ಟಾಂಗಾದವರು, ಚಹದ ಅಂಗಡಿಯವನು, ಯಾರನ್ನೂ ಬಿಡಲಿಲ್ಲ. "ನಮ್ಮ ರೊಕ್ಕನೂ ಹೊಂಟದಪ್ಪೋ! ಲೂಟಿ ಮಾಡಾಕತ್ತಾರ!" ಎಂದು ಗೋಳಿಟ್ಟ. ಮಗ ಹುಟ್ಟಿದ ಸುದ್ದಿ ಹೇಳುವವನ ಮುಖದಲ್ಲೂ ಅಷ್ಟು ಹಿಗ್ಗನ್ನು ನಾನು ಕಂಡಿಲ್ಲ.

ಊರಿಗೆ ಹೋದವನೇ ಈ ಅನ್ಯಾಯದ ವಿರುದ್ಧ ಉಪ್ಪು ಬಿಟ್ಟ. ತಾನು ಬಿಟ್ಟರೆ ಬಿಡಲಿ, ಮನೆಗೆಲ್ಲ ಸಪ್ಪನೆಯ ಬೇಳೆ, ಸಪ್ಪನೆಯ ಪುಂಡಿಪಲ್ಯ! ಮಾವನ ಹೆಂಡತಿ, ನಮ್ಮ ಅತ್ತಿ, ಕೆಂಡವಾದಳು. "ಜಿನೀವಾದವರು ಬಂದು ಉಣ್ಣಲಿ ಈ ಸಪ್ಪನ ಪಲ್ಯ. ಅದ ಅವರಿಗೆ ಶಿಕ್ಷಾ!" ಎಂದಳು. ಮಾವ ಜಗ್ಗಲಿಲ್ಲ. ಕೊನೆಗೆ ಅವನನ್ನು ಜಗ್ಗಿಸಿದ್ದು ಚೇಳು ಕಡಿಸಿಕೊಂಡ ಆ ಪಕ್ಕದ ತೋಟದವನ ಮಾತು.

"ಅಲ್ಲೋ ಮಾರಾಯಾ, ನೀ ಉಪ್ಪು ಬಿಟ್ಟರ ನಿನ್ನ ವಂತಿಗಿ ನಿಂತಂಗ ಆತು. ಆಗ ನಿಮ್ಮ ಸೊಲ್ಲಾಪುರದ ಭಾವನ ಗೋಳೇ ಮ್ಯಾಲಾತಲ್ಲೋ!"

ಮಾವ ಬೆಚ್ಚಿಬಿದ್ದ. ಅಂದಿನಿಂದ ಅವನ ಮಜ್ಜಿಗೆಗೆ ಉಪ್ಪು, ಹಾಲಿಗೆ ಉಪ್ಪು, ಮಾಡಿಟ್ಟ ಹೋಳಿಗೆಯ ಮೇಲೂ ಉಪ್ಪು! ಭಾವನಿಗಿಂತ ಕಡಿಮೆ ಕೊಟ್ಟು ಬದುಕುವುದೆಂದರೇನು?

ಮರುವರ್ಷದ ಪಂಚಮಿಗೆ ಇಬ್ಬರೂ ಕಟ್ಟೆಯ ಮೇಲೆ ಎದುರುಬದುರಾದರು. "ನಮ್ಮ ವಂತಿಗಿ ಮತ್ತ ಏರ್ಯಾದ" ಎಂದು ಕಾಕಾ ಶುರು ಮಾಡಿದ. "ನಮ್ದೂ ಏರ್ಯಾದ!" ಎಂದ ಮಾವ. "ನಿಮ್ದೆಲ್ಲಿ ಅದರೀ?" "ಯಾಕಿಲ್ಲ? ಉಪ್ಪು ತಿನ್ನೋದಿಲ್ಲೇನು ನಾವು?" ಮಾತು ಏರುತ್ತ ಹೋಯಿತು. ಜೋಕಾಲಿ ಆಡಿ ಬಂದ ಚಿಗವ್ವ ಬಾಗಿಲಲ್ಲಿ ನಿಂತು ನಕ್ಕಳು. "ಬಿಡು ಅಣ್ಣಾ, ಅದು ನಮ್ಮ ಕಡೇದು. ನಿಮ್ಮ ಕಡೆ ಅಂಥಾದ್ದೆಲ್ಲ ಎಲ್ಲದ?"

ಮಾವ ಕಟ್ಟೆಯಿಂದ ಎದ್ದ. ವಾದ ನಡುವೆ ಬಿಟ್ಟು ಅವನು ಎದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಂಜೆ ತೋಟದಲ್ಲಿ ಬಾಳೆಗೆ ನೀರು ತಿರುವುತ್ತ, ನನ್ನ ಕಡೆ ನೋಡದೆ ಕೇಳಿದ: "ನಮ್ಮ ಕಡೆ ಅಂದ್ರ ಆಕಿಗೆ ಈಗ ಯಾವ ಕಡೆಲೇ?"

ಕಾಕಾ ರಜೆ ಮುಗಿಯಿತೆಂದು ಸೊಲ್ಲಾಪುರಕ್ಕೆ ಹೋದ. ಚಿಗವ್ವ ಇನ್ನಷ್ಟು ದಿನ ಇರುತ್ತೇನೆಂದು ಉಳಿದಳು. ಹಾಗೆ ಉಳಿದಾಗಲೇ ಅವಳಿಗೆ ಜ್ವರ ಬಂತು. ಅಂಥಿಂಥ ಜ್ವರವಲ್ಲ. ವೈದ್ಯರು ನಾಡಿ ಹಿಡಿದು ಔಷಧವನ್ನೂ ಕೊಡದೆ ಎದ್ದು ಹೋಗುವಂಥದ್ದು.

ಮಾವ ಬೆಳಗಿನ ಮೋಟಾರು ಬಸ್ಸಿಗೆ ಕಲಬುರ್ಗಿಗೆ ಬಂದು, ಸೊಲ್ಲಾಪುರಕ್ಕೆ ತಂತಿ ಕೊಟ್ಟು, ಅಲ್ಲೇ ಸ್ಟೇಶನ್ನಿನಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದ. ಸುದ್ದಿ ತಿಳಿದು ನಾನು ಓಡಿ ಹೋದೆ.

"ಕೂಸು ನನ್ನ ಕೈಲೆ ಗಂಜಿ ಒಲ್ಲೆ ಅಂತದಲೇ" ಎಂದ. "ಕಣ್ಣು ತೆರೆದಾಗೆಲ್ಲ 'ಅವರು ಬಂದ್ರಾ' ಅಂತ ಕೇಳ್ತದ. ನಾ ಎದುರಿಗೇ ಕೂತಿರ್ತೀನಿ. ನನ್ನ ದಾಟಿ ಬಾಗಲಾ ನೋಡ್ತದ."

ಮರುದಿನ ಮುಂಜಾನೆಯ ಗಾಡಿಗೆ ಕಾಕಾ ಇಳಿದ. ಕೋಟಿನ ಗುಂಡಿ ಹಾಕಿರಲಿಲ್ಲ. ತಲೆಯ ಮೇಲೆ ಟೋಪಿ ಇರಲಿಲ್ಲ. ಮಾವನನ್ನು ಕಂಡು ಓಡಿ ಬಂದು ಅವನ ತೋಳು ಹಿಡಿದ. "ಅದಾಳ್ರಿ, ಅದಾಳ" ಎಂದು ಮಾವ ಅವನ ಗಂಟು ತಾನೇ ಹಿಡಿದುಕೊಂಡ.

ಕಮಲಾಪುರದ ಮೋಟಾರು ಹೊರಟಿತು. ಕಾಕಾ ನಮ್ಮಿಬ್ಬರ ನಡುವೆ ಕೂತಿದ್ದ. ಅವನು ಕೋಟಿನ ಗುಂಡಿ ಹಾಕುವುದು, ಮತ್ತೆ ಬಿಚ್ಚುವುದು ನನಗೆ ಕಾಣುತ್ತಿತ್ತು. ಮಾವನೂ ಅದನ್ನೇ ನೋಡುತ್ತಿದ್ದ. ಊರು ದಾಟಿದ ಮೇಲೆ ಮಾವ ಅವನ ಕಡೆ ತಿರುಗಿದ.

"ಭಾವನವರ, ಆ ಜಿನೀವಾದ ಸುದ್ದಿ ಏನಾತ್ರೀ?"

"ಈಗ್ಯಾಕ್ರೀ ಅದೆಲ್ಲ..."

"ಹೇಳ್ರಿ. ನನಗ ಸರಿ ತಿಳಿದಿಲ್ಲ ಅದು. ವಂತಿಗಿ ಯಾಕ ಏರಸ್ತಾರ?"

ಕಾಕಾ ಮೊದಲು ತೊದಲಿದ. ಆಮೇಲೆ ಮೋಟಾರಿನ ಸದ್ದಿಗೆ ದನಿ ಎತ್ತಬೇಕಾಯಿತು. ಕುರ್ಚಿಯ ಮಾತು ಬಂತು, ಇಂಗ್ರಜಿ ಸರಕಾರದ ಮಾತು ಬಂತು. ಮುಂದಿನ ಸೀಟಿನವರು ತಿರುಗಿ ಕೂತರು. ಮಾವ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಕಾಕಾ ನಿಂತಾಗ ಮಾತ್ರ "ಹೌದ್ರಾ? ಮುಂದ?" ಎಂದ. ನನ್ನ ಮಾವ! ಚೇಳು ಕಡಿಸಿಕೊಂಡವನಿಗೂ ಸೋಲದವನು!

"ಅಬ್ಬಬ್ಬಾ, ಎಂಥಾ ಅನ್ಯಾಯ!" ಎಂದು ಬಸ್ಸಿಗೆಲ್ಲ ಕೇಳುವಂತೆ ಅಂದ. "ನಮ್ದೇನದರೀ ಇದರಾಗ? ಖರೇ ಭಾರ ಹೊತ್ತವರು ನೀವು."

ಕಾಕಾನ ಮಾತು ಅಲ್ಲಿಗೆ ಕಡಿಯಿತು. ಅವನು ಮಾವನ ಹೆಗಲಿಗೆ ಮುಖವಿಟ್ಟು ಅಳತೊಡಗಿದ. ಮಾವ ಅವನ ಬೆನ್ನ ಮೇಲೆ ಕೈಯಾಡಿಸುತ್ತ ದಾರಿ ನೋಡುತ್ತ ಕೂತ.

ಜ್ವರ ಇಳಿದದ್ದು ಎಷ್ಟೋ ದಿನಗಳ ಮೇಲೆ. ಆದರೆ ಆ ಮಧ್ಯಾಹ್ನ ಮನೆ ಮುಟ್ಟಿದಾಗ ಮಾವ ಕಾಕಾನನ್ನು ಮುಂದೆ ಬಿಟ್ಟು ತಾನು ಪಡಸಾಲೆಯಲ್ಲೇ ನಿಂತ. "ಒಳಗ ಬರ್ರಿ, ಮಾತಾಡಸ್ರಿ" ಎಂದಳು ಅತ್ತಿ. ಮಾವ ಬೇಡವೆಂದು ಕೈ ಆಡಿಸಿದ. ಒಳಗಿನಿಂದ ಚಿಗವ್ವನ ಸಣ್ಣ ದನಿ, ಆಮೇಲೆ ಗಂಜಿಯ ಬಟ್ಟಲಿನ ಸಪ್ಪಳ. ಮಾವ ಕಂಬಕ್ಕೆ ಹಣೆ ಒತ್ತಿ ಕೇಳಿಸಿಕೊಂಡ.

"ಕುಡ್ಯಾಕತ್ತಾಳ ನೋಡು" ಎಂದ.