ಕೂಡಿಸಿ ಒಂದು ಕಳೆ

ಪ್ರಾಗ್‌ನ ಆ ತರ್ಕಶಾಸ್ತ್ರ ವಿಭಾಗದಲ್ಲಿ ಯಾವ ಮಾತೂ ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಎಲ್ಲಕ್ಕೂ ಸೊನ್ನೆಯಿಂದ ಒಂದರೊಳಗೆ ಅಂಕ. ಬೊಹುಮಿಲ್‌ನ ಹೊಟ್ಟೆಕಿಚ್ಚಿಗೆ ಮಾತ್ರ ಕಣ್ಣುಮುಚ್ಚಿ ಪೂರ್ತಿ ಒಂದು ಕೊಡಬಹುದಿತ್ತು.

ಪ್ರೊಫೆಸರ್ ವೊಂದ್ರಾಕ್ ನಿವೃತ್ತರಾಗುತ್ತಿದ್ದರು. ಗುರುವಾರದ ಗೋಷ್ಠಿ ನಡೆಸುವ ಅವರ ಕುರ್ಚಿ ಬೊಹುಮಿಲ್‌ಗೋ, ಎದುರು ಮೇಜಿನ ಓತಾಕರ್‌ಗೋ ಎಂಬುದು ಅಂದೇ ತೀರ್ಮಾನ. ಓತಾಕರ್ ಬೋರ್ಡಿನ ಮೇಲೆ ಬರೀ ಗೆರೆ ಎಳೆದರೂ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಬೊಹುಮಿಲ್ ಪ್ರಮೇಯ ಸಾಧಿಸಿದರೆ ಆಕಳಿಸುತ್ತಿದ್ದರು. ಹನ್ನೆರಡು ವರ್ಷ ಇದನ್ನು ನೋಡಿ ನೋಡಿ ಅವನ ಹೊಟ್ಟೆ ಉರಿದುಹೋಗಿತ್ತು.

ಬೆಳಿಗ್ಗೆ ಕಚೇರಿಯ ಹೆಡ್ವಿಕಾ ಕಾಫಿ ಕಲಕುತ್ತ ಗುಟ್ಟು ಬಿಟ್ಟಳು. “ಪ್ರಮೇಯ ಸಾಧಿಸೋದಕ್ಕೆ ನಿಂಗೆ 0.9, ಪಾಠ ಹೇಳೋದಕ್ಕೆ 0.4. ಓತಾಕರ್‌ಗೆ ಎರಡಕ್ಕೂ 0.6. ಅದೂ ಇರಬೇಕು ಮತ್ತು ಇದೂ ಇರಬೇಕಂತೆ. ಎರಡು ಅಂಕ ಸೇರಿಸೋ ‘ಮತ್ತು’ ಯಾವುದು ಅಂತ ಸಭೇಲಿ ನಿರ್ಧಾರ.”

ಬೊಹುಮಿಲ್ ಕೈ ಒರೆಸುವ ಕಾಗದದ ಮೇಲೇ ಲೆಕ್ಕ ಹಾಕಿದ. ಎರಡರಲ್ಲಿ ಚಿಕ್ಕದನ್ನು ಹಿಡಿಯುವ ‘ಮತ್ತು’ ಆದರೆ ತನಗೆ 0.4, ಅವನಿಗೆ 0.6. ಗುಣಿಸುವ ‘ಮತ್ತು’ ಆದರೆ ಇಬ್ಬರಿಗೂ 0.36, ಆ ಓತಾಕರ್‌ನ ಸಮಕ್ಕೆ ನಿಲ್ಲುವುದೇ? ಛೀ! ಕೂಡಿಸಿ ಒಂದು ಕಳೆಯುವ ‘ಮತ್ತು’ ಆದರೆ ತನಗೆ 0.3, ಅವನಿಗೆ 0.2!

ಮಧ್ಯಾಹ್ನ ಊಟದ ಮೇಜಿನಲ್ಲಿ, ಸಭೆಯಲ್ಲಿ ಕೈ ಎತ್ತಬೇಕಾದ ಸಹೋದ್ಯೋಗಿ ಕ್ವಿದೋನನ್ನು ಹಿಡಿದ. “ಇವತ್ತೊಂದಿನ ಗುಣಾಕಾರ ಬಿಟ್ಟುಬಿಡೋ.”

“ಇಡೀ ಪುಸ್ತಕ ಬರೆದಿದ್ದೀನಿ ಮಾರಾಯ, ಗುಣಾಕಾರದ ಮೇಲೆ!”

ಆ ಪುಸ್ತಕವನ್ನು ಮೂರು ಮಗ್ ಬಿಯರ್ ಮುಗಿಯುವವರೆಗೆ ಹೊಗಳಬೇಕಾಯಿತು. ಮೂರನೆಯದರಲ್ಲಿ ಕ್ವಿದೋ ಕರಗಿ ಅಪ್ಪಿಕೊಂಡ. ತಟ್ಟೆಯ ಗೊಜ್ಜೆಲ್ಲ ಬೊಹುಮಿಲ್‌ನ ಅಂಗಿಗೆ ಬಂತು.

ಅದೇ ಅಂಗಿಯಲ್ಲಿ ಸಭೆಗೆ ಎದ್ದುನಿಂತು ಗುಡುಗಿದ. “ಅರ್ಧ ಒಳ್ಳೇದು, ಇನ್ನರ್ಧ ಒಳ್ಳೇದು ಸೇರಿದ್ರೆ ಸೊನ್ನೆ! ಕಟ್ಟುನಿಟ್ಟು ಅಂದ್ರೆ ಹೀಗಿರಬೇಕು. ಕೂಡಿಸಿ ಒಂದು ಕಳೀರಿ!”

ಎಲ್ಲರೂ ಕೈ ಎತ್ತಿದರು. 0.3, 0.2. ಓತಾಕರ್‌ನ ಮುಖ ಸಣ್ಣದಾಯಿತು. ಬೊಹುಮಿಲ್‌ಗೆ ಎಷ್ಟೋ ವರ್ಷದ ಮೇಲೆ ಎದೆ ತಣ್ಣಗಾಯಿತು.

ಪ್ರೊಫೆಸರ್ ಇಬ್ಬರ ಮುಂದೂ ಚೀಟಿ ಇಟ್ಟರು. “ಒಬ್ಬರ ಮೇಲೊಬ್ಬರಿಗೆ ವಿಶ್ವಾಸ ಎಷ್ಟು, ಬರೀರಪ್ಪ.”

ಗೆದ್ದಾಯಿತಲ್ಲ, ಇದು ಬರೀ ಉಪಚಾರ ಎಂದುಕೊಂಡ ಬೊಹುಮಿಲ್ ಧಾರಾಳವಾಗಿ 0.9 ಎಂದು ಬರೆದ.

ಪ್ರೊಫೆಸರ್ ಚೀಟಿ ಬಿಡಿಸಿದರು. “ಮೂರನೇ ಷರತ್ತು ಇದೇ. ನಮ್ಮ ಬೊಹುಮಿಲ್ ಹೇಳಿದ ಹಾಗೇ ಸೇರಿಸೋಣ. ಅವನ 0.3ಕ್ಕೆ ಓತಾಕರ್ ಕೊಟ್ಟ 0.7, ಒಂದು ಕಳೆದ್ರೆ ಸೊನ್ನೆ. ಓತಾಕರ್‌ನ 0.2ಕ್ಕೆ ಇವನು ಕೊಟ್ಟ 0.9, ಒಂದು ಕಳೆದ್ರೆ 0.1. ಕುರ್ಚಿ ಓತಾಕರ್‌ಗೆ.”

“ಗು... ಗುಣಿಸಿ ನೋಡಿದ್ರೆ?” ಎಂದ ಬೊಹುಮಿಲ್.

“ಆಗ್ಲೂ ಅವನೇ ಮುಂದೆ ಕಣೋ,” ಎಂದ ಕ್ವಿದೋ, ತೇಗುತ್ತ.

ಓತಾಕರ್ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು. “ನನ್ನ ಕಂಡ್ರೆ ನಿಂಗಾಗಲ್ಲ ಅಂದ್ಕೊಂಡು 0.7 ಬರೆದೆ ಕಣೋ. ನೀನು ಇಷ್ಟು ಒಳ್ಳೆಯೋನು ಅಂತ ಮೊದಲೇ ಗೊತ್ತಾಗಿದ್ರೆ ಪೂರ್ತಿ ಒಂದು ಬರೀತಿದ್ದೆ!”

ಆ ಒಂದನ್ನು 0.3ಕ್ಕೆ ಕೂಡಿಸಿ, ಒಂದು ಕಳೆದು, 0.3 ಹಾಗೇ ಉಳಿದದ್ದನ್ನು ನೋಡಿದ ಬೊಹುಮಿಲ್ ಅಲ್ಲೇ ಕುಸಿದು ಕುಳಿತ.