ರೇಸ್ ಕಾರಿನ ಬೀಗರು

ನಮ್ಮ ಸೋದರಮಾವನಿಗೆ ಸ್ಕೂಟರ್ ಓಡಿಸಲೂ ಬರುವುದಿಲ್ಲ. ಆದರೂ ರೇಸ್ ಕಾರಿಗೆ ಸಂಬಂಧ ವಿಚಾರಿಸಿಕೊಂಡು ಬಂದ ಕನ್ನಡಿಗರು ಇಡೀ ಗುಜರಾತಿನಲ್ಲಿ ಅವರೊಬ್ಬರೇ ಎಂದು ಎಲ್ಲಿ ಬೇಕಾದರೂ ರುಜು ಹಾಕಿ ಕೊಡುತ್ತೇನೆ!

ಮಾವ ವಿಮಾ ಕಂಪನಿಯ ಸರ್ವೇಯರ್ ಆಗಿ ಅಹಮದಾಬಾದಿಗೆ ಬಂದವರು, ಇಲ್ಲೇ ನಿವೃತ್ತರಾದರು. ಮೂವತ್ತು ವರ್ಷ ಜಜ್ಜಿಹೋದ ಗಾಡಿಗಳನ್ನೇ ನೋಡಿದ ಕಣ್ಣು. ನೆಟ್ಟಗಿರುವ ಕಾರು ಕಂಡರೆ 'ಇದಕ್ಕಿನ್ನೂ ಆಗಿಲ್ಲವೇ' ಎನ್ನುವಂತೆ ನೋಡುತ್ತಾರೆ. ಇಂಥವರಿರುವ ಮನೆಯಲ್ಲಿ ನನ್ನ ಮಗಳು ರೇಸನ್ನೇ ವೃತ್ತಿ ಮಾಡಿಕೊಂಡಳು.

ಕಳೆದ ಸೀಸನ್ನಿನ ಕೊನೆಯ ರೇಸಿನಲ್ಲಿ ಅವಳ ಕಾರು ಪಲ್ಟಿಯಾಯಿತು. ಅವಳೇನೋ ಧೂಳು ಕೊಡವಿಕೊಂಡು ಎದ್ದು ಬಂದಳು. ಪ್ರಾಯೋಜಕರು ಮಾತ್ರ ಮುಂದಿನ ಸೀಸನ್ನಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅವರಿಲ್ಲದೆ ಕಾರು ಶೆಡ್ಡಿನಿಂದ ಹೊರಡುವಂತಿಲ್ಲ.

"ಯಾರವರು?" ಎಂದರು ಮಾವ, ಬೋಡಕ್‌ದೇವ್‌ನ ನಮ್ಮ ಫ್ಲಾಟಿನಲ್ಲಿ ಕಾಫಿ ಕುಡಿಯುತ್ತ.

"ಗೊತ್ತಿಲ್ಲ ತಾತ. ಮ್ಯಾನೇಜರ್ ಎಲ್ಲಾ ನೋಡ್ತಾರೆ," ಎಂದಳು ಮಗಳು.

"ಯಾರ ಅನ್ನ ಅಂತ ಗೊತ್ತಿಲ್ಲದೇ ಉಣ್ತಾ ಇದ್ದೀಯಲ್ಲ. ಮನೆ ಎಲ್ಲಿ, ಹಿರಿಯರು ಯಾರು, ವಿಚಾರಿಸೋದು ಬೇಡ್ವಾ?"

"ತಾತ, ಇದು ಸ್ಪಾನ್ಸರ್. ಮದುವೆ ಅಲ್ಲ."

"ಮದುವೆಗೆ ಹೆಲ್ಮೆಟ್ ಬೇಕಿಲ್ಲ. ಇದಕ್ಕೆ ಇನ್ನೂ ಜಾಸ್ತಿ ವಿಚಾರಿಸ್ಬೇಕು."



ಮಾವ ಕಾರಿನ ಫೋಟೋ ತರಿಸಿ ಭೂತಗನ್ನಡಿ ಹಿಡಿದರು. ಬಾನೆಟ್ಟಿನ ಮೇಲೆ ಎಲ್ಲಕ್ಕಿಂತ ದೊಡ್ಡ ಹೆಸರು ಇದೇ ಊರಿನ ನರೋಡಾದ ಒಂದು ಇಂಜಿನ್ ಆಯಿಲ್ ಕಂಪನಿಯದು. ಇನ್ನೇನು ಬೇಕು? ಡಬ್ಬಿ ತುಂಬ ಕೊಡುಬಳೆ ಹಿಡಿದು ನಾನೂ ಮಾವನೂ ಹೊರಟೇಬಿಟ್ಟೆವು. ಅಲ್ಲಿನ ಮಾಲೀಕರು ಅರ್ಧ ಗಂಟೆ ಮಾವನ ಹಿಂದಿ ಸಹಿಸಿಕೊಂಡು, ಕೊಡುಬಳೆಯನ್ನೂ ಖಾಲಿ ಮಾಡಿ, ಕೊನೆಗೆ ಹೇಳಿದರು: "ಕಾಕಾ, ಆ ಸ್ಟಿಕ್ಕರನ್ನ ರೇಸ್ ನಡೆಸೋರು ಎಲ್ಲಾ ಕಾರಿಗೂ ಅಂಟಿಸ್ತಾರೆ. ನಿಮ್ಮ ಹುಡುಗಿ ಯಾರು ಅಂತ್ಲೇ ನಮಗೆ ಗೊತ್ತಿಲ್ಲ."

"ಮೊದಲೇ ಹೇಳಿದ್ರೆ ಡಬ್ಬಿ ಮುಚ್ಚಳ ತೆಗೀತಾನೇ ಇರ್ಲಿಲ್ಲ," ಎಂದರು ಮಾವ, ಆಟೋದಲ್ಲಿ.

ಮತ್ತೆ ಭೂತಗನ್ನಡಿ. ಹಿಂದಿನ ಚಕ್ರದ ಮೇಲೆ ಹೆಬ್ಬೆರಳಿನಷ್ಟು ಅಗಲದ ಒಂದು ಹೆಸರು. ಈ ಸಲ ಮೊದಲು ಮ್ಯಾನೇಜರಿಗೆ ಫೋನು ಮಾಡಿದರೆ, ಹೌದು, ಪ್ರಾಯೋಜಕರು ಅವರೇ. ಸೂರತ್ತಿನ ಸಚಿನ್ ಎಂಬಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಹೊಸ ಡಬ್ಬಿಯೊಂದಿಗೆ ಬೆಳಗಿನ ರೈಲು ಹತ್ತಿದೆವು.

"ಬೇಸೋ ಕಾಕಾ, ಬೇಸೋ," ಎಂದು ಕಾರ್ಖಾನೆಯ ಮಾಲೀಕ ಶೇಠರು ಕುರ್ಚಿ ಎಳೆದರು. ಮಾವ ಅವರ ತಾಯಿಯ ಮಂಡಿನೋವಿನವರೆಗೂ ವಿಚಾರಿಸಿದರು. ಎಲ್ಲ ಮುಗಿದ ಮೇಲೆ ಶೇಠರು ಮೆಲ್ಲಗೆ ಹೇಳಿದರು:

"ನಷ್ಟಕ್ಕೆ ಹೆದರಿ ಸುಮ್ಮನಾದವನಲ್ಲ ಕಾಕಾ. ನನಗೂ ಮಗಳಿದ್ದಾಳೆ. ನನ್ನ ಹೆಸರು ಹೊತ್ತ ಗಾಡೀಲಿ ಯಾರದೋ ಮಗಳಿಗೆ ಏನಾದ್ರೂ ಆದ್ರೆ? ಮನೆಯವರ ಒಪ್ಪಿಗೆ ಇದೆಯೋ ಇಲ್ವೋ, ಇವತ್ತಿನವರೆಗೆ ಒಬ್ಬರೂ ಬಂದು ಹೇಳ್ಲಿಲ್ಲ."

ಮಾವ ಚೀಲದಿಂದ ಪಲ್ಟಿಯಾದ ಕಾರಿನ ಫೋಟೋ ತೆಗೆದು ಮೇಜಿನ ಮೇಲಿಟ್ಟರು.

"ಮೂವತ್ತು ವರ್ಷ ನೋಡಿದ್ದೇನೆ. ಮುಂದೆ ಹಿಂದೆ ಎಷ್ಟು ನಜ್ಜುಗುಜ್ಜಾಗಿದೆ ನೋಡಿ. ಹುಡುಗಿ ಕೂರೋ ಜಾಗದ ಒಂದು ಕಂಬಿಯೂ ಬಾಗಿಲ್ಲ. ಗಟ್ಟಿ ಗಾಡಿ. ಮನೆಯವರ ಒಪ್ಪಿಗೆ ಇದೆ."

ಶೇಠರು ನಮ್ಮೆದುರಿಗೇ ಮ್ಯಾನೇಜರಿಗೆ ಫೋನು ಹಚ್ಚಿ ಹೂಂ ಅಂದರು. ಆ ಪುಣ್ಯಾತ್ಮರಿಗೆ ನಾನು ಕೈಮುಗಿದೆ.

ಹಿಂದಿರುಗುವಾಗ ರೈಲು ವಡೋದರಾ ದಾಟಿತು. ಮಾವ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ಧೈರ್ಯವಾಗಿ ಹೇಳಿಬಿಟ್ಟೆ ಕಣಮ್ಮ. ಆ ಪಲ್ಟಿ ಆದಾಗಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ," ಎಂದರು.

"ನನಗೂ ಇಲ್ಲ ಮಾವ," ಎಂದೆ. ಅಷ್ಟು ದಿನ ಅದನ್ನು ಯಾರಿಗೂ ಹೇಳಿರಲಿಲ್ಲ.

ಮಾವ ನನ್ನ ಕೈ ಹಿಡಿದುಕೊಂಡರು. ಅಹಮದಾಬಾದ್ ಬರುವವರೆಗೂ ಬಿಡಲಿಲ್ಲ.